ಎಲ್ಲರ ಬುತ್ತಿಯಲ್ಲೂ ಅದೇ ರೊಟ್ಟಿ

ಕಳೆದ ತಿಂಗಳು ಜಮಖಂಡಿಯಲ್ಲಿ ಪರೀಕ್ಷೆಯ ಕೆಲಸ ಮುಗಿಸಿಕೊಂಡು ಬನಹಟ್ಟಿ ಮೇಲೆ ಹಾಯ್ದು ಬರುತ್ತಿದ್ದೆ. ಸಂತೆಯ ಗದ್ದಲಕ್ಕೆ ಬಸ್ಸು ನಿಂತಿತು. ಕಿಟಕಿಯಿಂದ ನೂಲಿಗೆ ಹಾಕುವ ಗಂಜಿಯ ಹುಳಿ ವಾಸನೆ ಬಂತು, ಅದರ ಬೆನ್ನಿಗೇ ಹಂಚಿನ ಮೇಲೆ ಜೋಳದ ಹಿಟ್ಟು ಕಮರುವ ವಾಸನೆ. ಈ ಎರಡೂ ಒಟ್ಟಿಗೆ ಮೂಗಿಗೆ ಬಡಿಯುವ ಊರು ನನಗೆ ಗೊತ್ತಿರುವಂತೆ ಇದೊಂದೇ. ನಾನು ಇಳಿಯಬೇಕಾದದ್ದು ಮುಧೋಳದಲ್ಲಿ. ಆದರೂ ಚೀಲ ಎತ್ತಿಕೊಂಡು ಇಳಿದೆ, ಸುಮ್ಮನೆ ಆ ರಸ್ತೆಯ ಮೂಲೆಯಲ್ಲಿ ಹತ್ತು ನಿಮಿಷ ನಿಂತೆ. ಮೂರು ವರ್ಷದ ಹಿಂದಿನ ಒಂದು ಬೇಸಿಗೆ ಪೂರ್ತಿಯಾಗಿ ನೆನಪಿಗೆ ಬರಲು ಅಷ್ಟು ಹೊತ್ತು ಸಾಕಾಯಿತು.

ಆಗ ನಾನು ಬನಹಟ್ಟಿಯ ಒಂದು ಕಾಲೇಜಿನಲ್ಲಿ ವಾಣಿಜ್ಯ ವಿಭಾಗದ ಅತಿಥಿ ಉಪನ್ಯಾಸಕಿ. ನನ್ನೂರು ಬೀಳಗಿ ತಾಲೂಕಿನ ಗಲಗಲಿ. ದಿನಾ ಹೋಗಿಬರುವ ದೂರವಲ್ಲವಾದ್ದರಿಂದ ಶಾಂತಕ್ಕನ ಖಾನಾವಳಿಯ ಹಿಂದಿನ ಖೋಲಿಯಲ್ಲಿ ಬಾಡಿಗೆಗೆ ಇದ್ದೆ. ನಾನು ಕಲಿಸುತ್ತಿದ್ದ ವಿಷಯ ಮಾರಾಟ ನಿರ್ವಹಣೆ. ಗಿರಾಕಿಯನ್ನು ಸೆಳೆಯುವುದು ಹೇಗೆ, ಹಿಡಿದಿಟ್ಟುಕೊಳ್ಳುವುದು ಹೇಗೆ ಎಂದು ವರ್ಷವಿಡೀ ಹಲಗೆಯ ಮೇಲೆ ಬಾಣ ಬರೆದು ವಿವರಿಸುತ್ತಿದ್ದೆ. ಖುದ್ದಾಗಿ ನಾನು ಜೀವಮಾನದಲ್ಲಿ ಒಂದು ಕಡ್ಡಿಪೆಟ್ಟಿಗೆ ಕೂಡ ಮಾರಿದವಳಲ್ಲ. ಇದ್ದದ್ದು ಒಂದೇ ಗುಣ, ಸಿಕ್ಕಸಿಕ್ಕವರನ್ನು ಪ್ರಶ್ನೆ ಕೇಳುವ ಚಟ. ನಮ್ಮವ್ವ ಅದನ್ನು ರೋಗ ಅನ್ನುತ್ತಿದ್ದಳು.

ಶಾಂತಕ್ಕನಿಗೆ ಐವತ್ತರ ಮೇಲೆ ವಯಸ್ಸು. ಗಂಡ ತೀರಿದ ಮೇಲೆ ಖಾನಾವಳಿ ನಡೆಸಿಕೊಂಡು ಬಂದವಳು. ಅವಳ ಕೆಲಸ ಮುಂದಿನ ಪಡಸಾಲೆಯಲ್ಲಿ ಬಡಿಸುವುದು, ಉಣ್ಣುವವರು ಕೈ ಅಡ್ಡ ಹಿಡಿದರೂ ಸಂದಿಯಲ್ಲಿ ಇನ್ನೊಂದು ರೊಟ್ಟಿ ಇಳಿಸುವುದು. ಹಿಂದಿನ ಗೋಡೆಯ ಆಚೆ ರೊಟ್ಟಿ ಬಡಿಯುತ್ತಿದ್ದವಳು ಕಸ್ತೂರೆವ್ವ. ರಬಕವಿಯಿಂದ ನಸುಕಿನಲ್ಲಿ ನಡೆದು ಬಂದು ಒಲೆಯ ಮುಂದೆ ಕೂತರೆ ಮಧ್ಯಾಹ್ನ ಮೂರಕ್ಕೇ ಏಳುವುದು. ಹತ್ತೊಂಬತ್ತು ವರ್ಷ ಹೀಗೆಯೇ ಕೂತಿದ್ದಳು. ಅವಳ ಕೈಬಡಿತದ ಸದ್ದು ಊಟದವರೆಲ್ಲರಿಗೂ ಗೊತ್ತಿತ್ತು, ಮುಖ ಗೊತ್ತಿದ್ದವರು ಕಡಿಮೆ.

ಏಪ್ರಿಲ್ ನಡುವಿಗೆ ಖಾನಾವಳಿ ಖಾಲಿಯಾಗುತ್ತಿತ್ತು. ತಿಂಗಳ ಊಟದವರೆಂದರೆ ಶಾಲೆ ಮಾಸ್ತರರು, ಹಾಸ್ಟೆಲ್ಲಿನ ಹುಡುಗರು, ಬ್ಯಾಂಕಿನ ಇಬ್ಬರು ಮೂವರು. ಪರೀಕ್ಷೆ ಮುಗಿದದ್ದೇ ಎಲ್ಲರೂ ಊರು ಸೇರುವರು. ನೇಕಾರರ ಊರಲ್ಲವೇ, ಊರಿನವರು ಮನೆಯಲ್ಲೇ ಮಗ್ಗ, ಮನೆಯಲ್ಲೇ ಊಟ. ಹಾಗಾಗಿ ಪ್ರತಿ ಬೇಸಿಗೆಯೂ ಶಾಂತಕ್ಕ ಎರಡು ತಿಂಗಳು ಒಲೆ ಆರಿಸಿ ಕಸ್ತೂರೆವ್ವನನ್ನು ಮನೆಗೆ ಕಳಿಸುತ್ತಿದ್ದಳು. ಕಾಲೇಜೂ ನನಗೆ ಅದನ್ನೇ ಮಾಡುತ್ತಿತ್ತು. ತರಗತಿ ನಿಂತ ದಿನ ಸಂಬಳವೂ ನಿಲ್ಲುತ್ತಿತ್ತು. ಆ ವರ್ಷ ಪರೀಕ್ಷೆ ಮೇಲ್ವಿಚಾರಣೆಯ ಕೆಲಸ ಸಿಕ್ಕಿದ್ದರಿಂದ ನಾನು ಊರಿಗೆ ಹೋಗದೆ ಉಳಿದಿದ್ದೆ.

ಒಂದು ಮಧ್ಯಾಹ್ನ ಶಾಂತಕ್ಕ ನನ್ನ ಖೋಲಿಯ ಹೊಸ್ತಿಲ ಮೇಲೆ ಬಂದು ಕೂತಳು. ಮುಧೋಳದ ರಸ್ತೆಯಲ್ಲಿ ಹೊಸದಾಗಿ ಆದ ಒಂದು ಧಾಬಾದವರು ಕಸ್ತೂರೆವ್ವನನ್ನು ಕರೆದಿದ್ದಾರಂತೆ. ವರ್ಷವಿಡೀ ಕೆಲಸ, ಬೇಸಿಗೆಯಲ್ಲೂ ಮನೆಗೆ ಕಳಿಸುವುದಿಲ್ಲ. ಮೇ ಎರಡನೇ ವಾರ ಅವರ ಮನುಷ್ಯ ಬಂದು ಕರೆದೊಯ್ಯುತ್ತಾನೆ.

“ಆಕೀದು ತಪ್ಪಿಲ್ರಿ. ಎರಡ ತಿಂಗಳ ಹೊಟ್ಟಿಗೆ ಏನ್ ತಿಂತಾಳ ಅಂತ ನಾ ಒಂದ ದಿನಾನೂ ಕೇಳಿಲ್ಲ,” ಅಂದಳು. “ಆದ್ರ ಕಸ್ತೂರಿ ಹೋದ್ಲಂದ್ರ ಜೂನದಾಗ ಬಾಗಲಾ ತಗದು ನಾ ಏನ್ ಮಾಡ್ಲಿ? ಮಂದಿ ನನ್ನ ಮಾರಿ ನೋಡಿ ಉಣ್ಣಾಕ ಬರಂಗಿಲ್ಲ. ಅಕ್ಕೋರ, ನೀವು ವ್ಯಾಪಾರದ ಪಾಠಾ ಹೇಳೋರು. ಈ ಸೂಟ್ಯಾಗ ನಾಕ ಗಿರಾಕಿ ಬರೂವಂಗ ಏನರೆ ಹೇಳ್ರಿ. ಆಕೀಗೆ ಕೆಲಸಾ ಕೊಟ್ರ ಆಕಿ ಇರ್ತಾಳ.”

ನಾನು ಉಬ್ಬಿಹೋದೆ. ಆ ದಿನವೇ ಪುಸ್ತಕ ತೆಗೆದು ಓದಿ, ಮರುದಿನ ಬಣ್ಣದ ಹಾಳೆಯಲ್ಲಿ ಬೋರ್ಡು ಬರೆದು ಬಾಗಿಲಿಗೆ ಅಂಟಿಸಿದೆ. “ಬೇಸಿಗೆ ರಜೆಯ ವಿಶೇಷ. ಎರಡು ಊಟಕ್ಕೆ ಒಂದು ಊಟ ಉಚಿತ.” ಮೊಬೈಲಿನಲ್ಲಿ ಫೋಟೋ ತೆಗೆದು ಸ್ಟೇಟಸ್ಸಿಗೂ ಹಾಕಿದೆ. ಜನ ನಿಂತು ಓದಿದರು, ಮುಂದೆ ಹೋದರು. ನನಗೆ ತಡೆಯಲಾಗಲಿಲ್ಲ, ಬೀದಿಗಿಳಿದು ಒಬ್ಬ ಹಿರಿಯರನ್ನು ಹಿಡಿದು ಕೇಳಿಯೇಬಿಟ್ಟೆ. ಅವರು ತಣ್ಣಗೆ ಹೇಳಿದರು, “ಪುಕ್ಕಟ ಉಣ್ಣೂದಿದ್ರ ಮಠದಾಗ ದಾಸೋಹ ಐತಲ್ರಿ. ಖಾನಾವಳಿಯಾಗ ಪುಕ್ಕಟ ಕೊಡಾಕತ್ತಾರಂದ್ರ ಅದು ನಿನ್ನೀ ಅಡಗೀನ ಇರಬೇಕು.” ಶಾಂತಕ್ಕ ಅಂದು ಸಂಜೆಯೊಳಗೆ ಬೋರ್ಡು ಹರಿದು ಒಲೆಗೆ ಹಾಕಿದಳು. ಹತ್ತೊಂಬತ್ತು ವರ್ಷದಲ್ಲಿ ತನ್ನ ಅಡುಗೆಯನ್ನು ಯಾರೂ ತಂಗಳು ಅಂದಿರಲಿಲ್ಲವಂತೆ.

ಎರಡನೆಯದು ಮಜ್ಜಿಗೆ. ಬಿಸಿಲಿಗೆ ರಸ್ತೆಯ ಡಾಂಬರು ಮೆತ್ತಗಾಗುತ್ತಿದ್ದ ದಿನಗಳವು. ಬಾಗಿಲ ಮುಂದೆ ದೊಡ್ಡ ಗಡಿಗೆ ಇಟ್ಟು ಜೀರಿಗೆ, ಶುಂಠಿ ಹಾಕಿದ ತಣ್ಣನೆಯ ಮಜ್ಜಿಗೆ ಮಾರೋಣ, ಕುಡಿಯಲು ನಿಂತವರು ಊಟಕ್ಕೂ ಒಳಗೆ ಬರುತ್ತಾರೆ ಎಂಬುದು ನನ್ನ ಲೆಕ್ಕಾಚಾರ. ಜನ ಬಂದರು. ಬೇಕಾದಷ್ಟು ಬಂದರು. ಆದರೆ ಮೊದಲ ಗಿರಾಕಿ ಕಿಸೆಗೆ ಕೈ ಹಾಕುತ್ತಿದ್ದಂತೆ ಶಾಂತಕ್ಕ ಅವನ ಕೈ ಹಿಡಿದುಬಿಟ್ಟಳು. “ಬಿಸಲಾಗ ಬಂದಾವರಿಗೆ ಮಜ್ಜಿಗಿ ಕೊಟ್ಟು ರೊಕ್ಕಾ ಇಸಗೋಳೂದ? ನನ್ನ ಕಡಿಂದ ಆಗಂಗಿಲ್ರಿ,” ಅಂದಳು. ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಮೂರು ದಿನ ಊರೆಲ್ಲ ಕುಡಿದು ಅವಳನ್ನು ಹರಸಿ ಹೋಯಿತು. ಒಳಗೆ ಊಟಕ್ಕೆ ಬಂದವರು ಯಾರೂ ಇಲ್ಲ.

ಆದರೆ ಆ ಗಡಿಗೆಯ ಪಕ್ಕ ಮೂರು ದಿನ ಕೂತದ್ದು ನನಗೆ ಲಾಭವಾಯಿತು. ಕುಡಿಯಲು ಬಂದವರಲ್ಲಿ ಹೆಂಗಸರು ಬಹಳ, ಅದರಲ್ಲೂ ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬಂದ ಹೆಣ್ಣುಮಕ್ಕಳು. ಇಚಲಕರಂಜಿ, ಮಿರಜ, ಸೊಲ್ಲಾಪುರ, ಎಲ್ಲ ಕಡೆಯಿಂದ ಬಂದವರು. ಮನೆಮನೆಯಲ್ಲೂ ಹತ್ತು ಹದಿನೈದು ಜನ ತುಂಬಿದ್ದರು. ಇಷ್ಟು ಬಾಯಿ ಇದ್ದೂ ಒಬ್ಬರೂ ಖಾನಾವಳಿಗೆ ಬರುವುದಿಲ್ಲ ಏಕೆಂದು ನಾನು ಒಬ್ಬೊಬ್ಬರನ್ನೇ ಕೇಳುತ್ತ ಹೋದೆ. ನಮ್ಮ ಓಣಿಯ ನೀಲವ್ವ, ಮನೆಯಲ್ಲಿ ನಾಲ್ಕು ಮಗ್ಗ ಇಟ್ಟುಕೊಂಡ ಮುದುಕಿ, ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಮನಿಗೆ ಬಂದ ಮಗಳನ್ನ, ಮೊಮ್ಮಕ್ಕಳನ್ನ ಖಾನಾವಳಿಗೆ ಕರಕೊಂಡ ಹೋಗಿ ಉಣಸ್ತಾರೇನ ಬೇ? ನೋಡಿದವ್ರು ಏನಂತಾರ? ನಮ್ಮ ಮನಿಯಾಗ ರೊಟ್ಟಿ ಬಡಿಯೋರಿಗೆ ಬರಗಾಲ ಬಂದಿಲ್ಲ.”

ಪಕ್ಕದಲ್ಲಿ ನಿಂತಿದ್ದ ಅವಳ ಮಗಳು ಸವಿತಾ ಮಜ್ಜಿಗೆಯ ಲೋಟ ಕೆಳಗಿಟ್ಟು ತಾಯಿಯ ಹಿಂದೆ ಹೋದಳು. ಆದರೆ ಸಂಜೆ ಒಬ್ಬಳೇ ಬಂದಳು. ಬಲಗೈ ತಿರುಗಿಸಿ ಅಂಗೈ ತೋರಿಸಿದಳು, ಹಂಚು ತಾಗಿ ಬೊಬ್ಬೆ ಎದ್ದಿತ್ತು. “ಬರಗಾಲ ಯಾಕ ಬರ್ತೈತ್ರಿ, ಬಡಿಯಾಕ ನಾ ಇದ್ದೇನಲ್ಲ,” ಎಂದು ನಕ್ಕಳು. “ಬಂದ ಹನ್ನೆರಡ ದಿನಾ ಆತು. ಅವ್ವ ಮಗ್ಗಕ್ಕ ನೂಲಿನ ಕಂಡಕಿ ತುಂಬ್ತಾಳ, ನಾ ಒಲಿ ಮುಂದ ಕುಂದರತೇನಿ. ಆಕೀ ಜೋಡಿ ಒಂದ ತಾಟಿನ್ಯಾಗ ಒಮ್ಮಿನೂ ಉಂಡಿಲ್ಲ. ಅದಕ್ಕ ಅಂತ ಬಂದಿದ್ನಿ.”

ಅಂದು ನಾನು ಪುಸ್ತಕ ಮುಚ್ಚಿಟ್ಟೆ. ಮೇ ಒಂದು ಹತ್ತಿರ ಬರುತ್ತಿತ್ತು. ಕಾರ್ಮಿಕರ ದಿನದಂದು ಬನಹಟ್ಟಿ ರಬಕವಿಯ ಮಗ್ಗಗಳು ನಿಲ್ಲುತ್ತವೆ. ವರ್ಷವಿಡೀ ಖಟಪಟ ಕೇಳಿದ ಕಿವಿಗೆ ಆ ದಿನದ ಮೌನ ಗಡಚಿಕ್ಕುತ್ತದೆ. ಗಂಡಸರಿಗೆ ಸೂಟಿ, ಮಕ್ಕಳಿಗೆ ಸೂಟಿ, ಎಲ್ಲರೂ ಹೊಳೆಯ ದಂಡೆಗೆ ಹೋಗುವುದು. ಹೊಳೆಗೆ ಹೋಗಬೇಕೆಂದರೆ ಬುತ್ತಿ ಬೇಕು. ಬುತ್ತಿ ಕಟ್ಟುವವರು ಹೆಂಗಸರು. ಆಗ ನನಗೆ ಹೊಳೆಯಿತು. ಖಾನಾವಳಿಗೆ ಹೋಗಿ ಉಣ್ಣುವುದು ಅವಮಾನ, ಆದರೆ ಬಯಲಲ್ಲಿ ಕೂತು ಬುತ್ತಿ ಉಣ್ಣುವುದು ಮನೆತನದ ಮರ್ಯಾದೆ. ಬುತ್ತಿ ಎಲ್ಲಿ ಕಟ್ಟಿದ್ದು ಎಂದು ಯಾರು ಕೇಳುತ್ತಾರೆ?

ಸವಿತಾಳನ್ನೇ ಮುಂದಿಟ್ಟುಕೊಂಡು ನಾನು ಓಣಿ ಓಣಿ ತಿರುಗಿದೆ. ಕರಾರು ಹೀಗೆ. ನಿಮ್ಮ ಬುಟ್ಟಿ, ನಿಮ್ಮ ಡಬ್ಬಿ, ಮೇಲೆ ಮುಚ್ಚಲು ನಿಮ್ಮ ಮನೆಯ ಮಗ್ಗದ ವಸ್ತ್ರ ಕೊಡಿ. ನಸುಕಿನಲ್ಲಿ ಹಿತ್ತಲ ಬಾಗಿಲಿಗೆ ಬುತ್ತಿ ತುಂಬಿ ತಂದು ಕೊಡುತ್ತೇವೆ. ಕಡಕ್ ರೊಟ್ಟಿ, ಎಣ್ಣೆಗಾಯಿ, ಝುಣಕ, ಶೇಂಗಾ ಹಿಂಡಿ, ಮೊಸರನ್ನ. ಒಬ್ಬೊಬ್ಬ ಹೆಂಗಸೂ ಮೊದಲು ಬೇಡ ಅಂದು, ಆಮೇಲೆ ದನಿ ತಗ್ಗಿಸಿ, “ಯಾರಿಗೂ ಹೇಳಂಗಿಲ್ಲ ಮತ್ತ?” ಅಂದಳು. ಪಕ್ಕದ ಮನೆಯವಳೂ ಅದೇ ಮಾತು ಹೇಳಿದ್ದಾಳೆಂದು ನಾನು ಬಾಯಿ ಬಿಡಲಿಲ್ಲ. ನೀಲವ್ವನನ್ನು ಒಪ್ಪಿಸಿದ್ದು ಸವಿತಾ. ಹೇಗೆ ಒಪ್ಪಿಸಿದಳೋ, ಬುಟ್ಟಿ ಕೊಡುವಾಗ ಮುದುಕಿ ನನ್ನ ಮುಖ ನೋಡಲಿಲ್ಲ.

ಶಾಂತಕ್ಕನಿಗೆ ಒಂದೇ ಅನುಮಾನ. “ಅಕ್ಕೋರ, ಒಬ್ಬೊಬ್ಬರ ಮನಿ ಪಲ್ಯೆ ಒಂದೊಂದ ನಮೂನಿ ಇರ್ತೈತಿ. ಸ್ವಲ್ಪ ಫರಕ್ ಮಾಡೂನೇನು? ಒಬ್ಬರಿಗೆ ಬೆಲ್ಲ, ಒಬ್ಬರಿಗೆ ಹುಣಸಿ?” ನಾನು ಬಿಡಲಿಲ್ಲ. ಗುಣಮಟ್ಟ ಏಕರೂಪವಾಗಿರಬೇಕು, ಪ್ರತಿ ಗಿರಾಕಿಗೂ ಅದೇ ರುಚಿ ಸಿಗಬೇಕು, ಇದು ಮಾರಾಟದ ಮೊದಲ ಪಾಠ ಎಂದು ದೊಡ್ಡ ಗಂಟಲಲ್ಲಿ ಹೇಳಿದೆ. ಪಾಪ, ನಂಬಿದಳು.

ಮೇ ಒಂದರಂದು ಬೆಳ್ಳಿ ಮೂಡುವ ಮೊದಲೇ ಕಸ್ತೂರೆವ್ವ ಒಲೆ ಹಚ್ಚಿದ್ದಳು. ಹಪ್ಪಳದಷ್ಟು ತೆಳುವಾದ ರೊಟ್ಟಿಗಳು. ಒಂದೊಂದು ಬಡಿದು ಮುಗಿಸಿದಾಗಲೂ ಅಂಚಿನಲ್ಲಿ ಹೆಬ್ಬೆರಳಿನಿಂದ ಒಂದು ಸಣ್ಣ ಒತ್ತು ಒತ್ತುವುದು ಅವಳ ರೂಢಿ. ಏಕೆಂದು ಕೇಳಿದ್ದಕ್ಕೆ, “ಮುಗೀತು ಅಂತ ಕೈಗೆ ಗೊತ್ತಾಗಬೇಕಲ್ರಿ,” ಅಂದಳು. ಹದಿನಾಲ್ಕು ಬುಟ್ಟಿ ಕಟ್ಟಿದೆವು. ಶಾಂತಕ್ಕ, ನಾನು ಇಬ್ಬರೂ ಹೊತ್ತು ಹಿತ್ತಲುಗಳಿಗೆ ಮುಟ್ಟಿಸಿ ಬಂದೆವು. ನಮ್ಮಿಬ್ಬರಿಗೂ ಸಂತೋಷಕ್ಕೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಸವಿತಾ ಕರೆದಳೆಂದು ನಾನೂ ಹೊಳೆಗೆ ಹೋದೆ. ಹೋಗದೇ ಇರಲು ನನ್ನ ಕುತೂಹಲ ಬಿಡಬೇಕಲ್ಲ. ನೀರು ಸರಿದು ಉಸುಕು ತೆರೆದಿತ್ತು, ದಂಡೆಯ ಜಾಲಿ ಗಿಡಗಳ ನೆರಳಿನಲ್ಲಿ ಮನೆಗೊಂದರಂತೆ ಚಾಪೆ ಹಾಸಿದ್ದರು. ಈಜಿ ಹಸಿದ ಮಕ್ಕಳು ಬಂದು ಕೂತವು. ಬುತ್ತಿಗಳು ಬಿಚ್ಚಿಕೊಂಡವು. ಬಿಚ್ಚಿದ ಮೇಲೆ ಈ ಕಡೆಯ ಜನ ಮೊದಲು ಮಾಡುವ ಕೆಲಸ ಯಾವುದೆಂದು ಗಲಗಲಿಯಲ್ಲಿ ಹುಟ್ಟಿ ಬೆಳೆದ ನನಗೆ ಗೊತ್ತಿರಬೇಕಿತ್ತು. ತಾನು ಉಣ್ಣುವ ಮೊದಲು ಪಕ್ಕದ ಚಾಪೆಗೆ ಕೊಡುವುದು. ನಮ್ಮ ಪಲ್ಯ ಅವರಿಗೆ ಹೋಯಿತು, ಅವರದ್ದು ನಮಗೆ ಬಂತು. ಅವರ ಪಕ್ಕದವರದ್ದು ಅವರಿಗೆ, ಹೀಗೆ ದಂಡೆಯುದ್ದಕ್ಕೂ ತಾಟುಗಳು ಓಡಾಡಿದವು.

ಮೊದಲು ನಿಂತದ್ದು ಪಕ್ಕದ ಚಾಪೆಯ ಒಬ್ಬ ಹೆಂಗಸಿನ ಬಾಯಿ. “ನಿಮ್ಮ ಎಣ್ಣಿಗಾಯಿ ನಮ್ಮಂಗ ಆಗೈತಲ್ರಿ,” ಎಂದು ಆರಂಭಿಸಿದವಳು ಅರ್ಧಕ್ಕೇ ತಡೆದಳು. ಆಚೆಯ ಚಾಪೆಯಲ್ಲಿ ಇನ್ನೊಬ್ಬಳು ಹಿಂಡಿ ನಾಲಗೆಗೆ ಮುಟ್ಟಿಸಿ ತಲೆ ತಗ್ಗಿಸಿದಳು. ಒಂದೊಂದೇ ಚಾಪೆ ಸುಮ್ಮನಾಗುತ್ತ ಹೋಯಿತು. ಗಂಡಸರಿಗೆ ಏನಾಯಿತೆಂದು ತಿಳಿಯಲು ಇನ್ನೂ ಸ್ವಲ್ಪ ಹೊತ್ತು ಬೇಕಾಯಿತು.

ನೀಲವ್ವ ಎರಡು ಕೈಯಲ್ಲಿ ಎರಡು ಮನೆಯ ರೊಟ್ಟಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು. ಎರಡರ ಅಂಚಿನಲ್ಲೂ ಅದೇ ಹೆಬ್ಬೆರಳ ಒತ್ತು. “ನಮ್ಮ ಬುತ್ತಿ ಶಾಂತಕ್ಕನ ಖಾನಾವಳೀದು,” ಎಂದು ಎಲ್ಲರಿಗೂ ಕೇಳುವಂತೆ ಅಂದಳು. “ನಿಮ್ಮದೂ ಅಲ್ಲೀದ ಕಾಣತೈತಿ.” ಅವಳ ಮಗ ಹೊಳೆಯ ಕಡೆ ಮುಖ ಮಾಡಿ ಕೂತ. ಬುತ್ತಿಯಲ್ಲಿ ಒಂದು ತುಣುಕೂ ಉಳಿಯಲಿಲ್ಲ, ನಿಜ. ಆದರೆ ಮಾತಿಲ್ಲದೆ ಉಂಡರು, ಹೊತ್ತಿಗೆ ಮೊದಲೇ ಚಾಪೆ ಸುತ್ತಿದರು.

ಮರುದಿನ ಒಂದು ಬುಟ್ಟಿಯೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ಓಣಿಯಲ್ಲಿ ಹೆಂಗಸರು ನನ್ನನ್ನು ಕಂಡರೆ ಕೊಡ ಎತ್ತಿಕೊಂಡು ಒಳಗೆ ಹೋಗುವರು. ಶಾಂತಕ್ಕನ ಮುಂದೆ ನಿಂತು, ತಪ್ಪು ನನ್ನದೇ, ನೀನು ಹೇಳಿದಂತೆ ಒಂದು ಮನೆಗೆ ಬೆಲ್ಲ, ಇನ್ನೊಂದಕ್ಕೆ ಹುಣಸೆ ಹಾಕಿದ್ದರೆ ಹೀಗಾಗುತ್ತಿರಲಿಲ್ಲ ಅಂದೆ. ಬೈದಿದ್ದರೆ ಹಗುರವಾಗುತ್ತಿತ್ತು. “ಹೋಗ್ಲಿ ಬಿಡ್ರಿ, ನೀವು ಓದಿದ್ದ ಹೇಳಿದ್ರಿ,” ಅಂದಳು. ಆ ಮಾತು ಇವತ್ತಿಗೂ ಚುಚ್ಚುತ್ತದೆ. ಒಳಗೆ ಕಸ್ತೂರೆವ್ವ ತನ್ನ ಹಂಚು ತಿಕ್ಕಿ ಬೋರಲು ಹಾಕುತ್ತಿದ್ದಳು. ಹಂಚು ಅವಳದ್ದೇ, ಹೋಗುವಾಗ ಒಯ್ಯುವಳು.

ನಾಲ್ಕನೇ ದಿನ ಹತ್ತು ಗಂಟೆಯ ಬಿಸಿಲಲ್ಲಿ ನೀಲವ್ವ ಬಂದಳು. ಹಿತ್ತಲಿನಿಂದಲ್ಲ, ಮುಂಬಾಗಿಲಿನಿಂದ. ಹಿಂದೆ ಸವಿತಾ, ಅವಳ ಇಬ್ಬರು ಮಕ್ಕಳು. ಜಗಳಕ್ಕೆ ಬಂದಳೆಂದೇ ನಾವು ತಿಳಿದೆವು. “ರೊಟ್ಟಿ ಬಡಿಯಾಕಿ ಎಲ್ಲಿದಾಳ? ನಾ ಆಕೀನ್ನ ನೋಡಬೇಕು,” ಎಂದವಳೇ ಯಾರ ಅಪ್ಪಣೆಯನ್ನೂ ಕೇಳದೆ ಗೋಡೆ ದಾಟಿ ಒಳಗೆ ಹೋದಳು. ಕಸ್ತೂರೆವ್ವನ ಎದುರು ನೆಲದ ಮೇಲೆ ಕೂತಳು. “ಬಡಿ, ನೋಡೂನು,” ಅಂದಳು.

ಕಸ್ತೂರೆವ್ವ ನಮ್ಮ ಮುಖ ನೋಡಿ, ಹಂಚು ತಿರುಗಿಸಿ ಒಲೆಯ ಮೇಲಿಟ್ಟಳು. ಹಿಟ್ಟು ನಾದಿ, ತಿರುಗಿಸುತ್ತ ತಿರುಗಿಸುತ್ತ ಬಡಿದಳು. ಮುದುಕಿ ರೆಪ್ಪೆ ಮುಚ್ಚದೆ ನೋಡಿದಳು. ಬೆಂದ ರೊಟ್ಟಿ ಕೈಗೆ ಬಂದಾಗ ಅಂಚಿನ ಒತ್ತಿನ ಮೇಲೆ ತನ್ನ ಹೆಬ್ಬೆರಳು ಇಟ್ಟಳು. “ನಲವತ್ತ ವರ್ಷ ರೊಟ್ಟಿ ಬಡದೇನಿ. ಇಷ್ಟ ತೆಳ್ಳಗ ನನಗ ಬರಲಿಲ್ಲ. ನಾಕ ದಿನಾ ಅದನ್ನ ವಿಚಾರ ಮಾಡಾಕತ್ತಿದ್ನಿ,” ಅಂದಳು. ಆಮೇಲೆ ಮಗಳ ಕಡೆ ತಿರುಗಿ, “ಕುಂದರ ಬಾ, ಇಲ್ಲೇ ಉಣ್ಣೂನು,” ಅಂದಳು. ತಾಯಿ ಮಗಳು ಒಂದೇ ತಾಟಿನಲ್ಲಿ ಉಂಡದ್ದನ್ನು ನಾನು ಕಣ್ಣಾರೆ ನೋಡಿದೆ. ಶಾಂತಕ್ಕ ಬಡಿಸುವುದನ್ನು ಮರೆತು ನಿಂತಿದ್ದಳು.

ನೀಲವ್ವ ಮುಂಬಾಗಿಲಿನಿಂದ ಹೋದಳೆಂದರೆ ಉಳಿದವರಿಗೆ ಇನ್ನೇನು ತಡೆ? ವಾರದೊಳಗೆ ಹೆಂಗಸರು ಮಕ್ಕಳೊಂದಿಗೆ ಬರತೊಡಗಿದರು, ಮೇಜು ಬಿಟ್ಟು ಒಲೆಯ ಸುತ್ತ ಕೂತು ಉಂಡರು, ಎದ್ದು ಹೋಗುವಾಗ ಮನೆಗೂ ಕಟ್ಟಿಸಿಕೊಂಡರು. ಬುತ್ತಿ ಮರೆಮಾಡಲು ವಸ್ತ್ರ ಮಾತ್ರ ಯಾರೂ ತರಲಿಲ್ಲ. ವ್ಯಾಪಾರ ಕೂಡಿಬಂತು ಎಂದು ನಾನು ನಿಟ್ಟುಸಿರು ಬಿಡುವಷ್ಟರಲ್ಲಿ ಧಾಬಾದ ಮನುಷ್ಯ ಮೋಟರ್‌ಸೈಕಲ್ ಮೇಲೆ ಬಂದ. ಒಪ್ಪಿಕೊಂಡ ಮಾತು, ಕಸ್ತೂರೆವ್ವ ತಪ್ಪಿಸುವವಳಲ್ಲ. ಶಾಂತಕ್ಕನ ಬಣ್ಣ ಇಳಿಯಿತು.

ಕಸ್ತೂರೆವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಅವನನ್ನು ಒಂದೇ ಮಾತು ಕೇಳಿದಳು. “ನಿಮ್ಮಲ್ಲಿ ಒಲಿ ಎಲ್ಲಿ ಇರ್ತೈತ್ರಿ?”

“ಹಿಂದ, ಶೆಡ್ಡಿನ್ಯಾಗ. ಗಿರಾಕಿಗೆ ಹೊಗಿ ಬಡೀಬಾರದಲ್ಲಬೇ,” ಅಂದ ಅವನು.

“ಹಂಗಾರ ನಂದು ಆಗಂಗಿಲ್ರಿ. ಬರ್ತೇನಿ ಅಂದದ್ದು ಖರೆ, ತಪ್ಪ ಆತು,” ಎಂದು ಕೈಮುಗಿದಳು. ಅವನು ಹೋದ ಮೇಲೆ ಶಾಂತಕ್ಕನ ಕಡೆ ತಿರುಗಿದಳು. ಅವಳು ಅಷ್ಟು ಮಾತಾಡಿದ್ದನ್ನು ನಾವು ಅದಕ್ಕೆ ಮೊದಲು ಕೇಳಿರಲಿಲ್ಲ. “ನೀನೂ ಒಲಿ ಮುಂದಿನ ಪಡಸಾಲಿಗೆ ತರಬೇಕ. ಹತ್ತೊಂಬತ್ತ ವರ್ಷ ಗ್ವಾಡಿ ನೋಡಕೋತ ರೊಟ್ಟಿ ಬಡದೇನಿ. ಉಣ್ಣೋರ ಮಾರಿ ನೋಡಬೇಕು ಅನಸೇತಿ. ಮತ್ತ ಇನ್ನೊಂದ. ಒಂದನೇ ತಾರೀಖ ದುಡಿಯೋರ ಸೂಟಿ ಅಂತ ಊರೆಲ್ಲಾ ಹೊಳಿಗೆ ಹೋತು. ನಾ ಬೆಳ್ಳಿ ಮೂಡೂ ಮೊದಲ ಬಂದು ಹೊತ್ತ ಏರೂತನ ರೊಟ್ಟಿ ಬಡದ್ನಿ. ನನ್ನ ಸೂಟಿ ಉಳದೈತಿ. ಅದನ್ನ ಕೊಡ.”

ನನಗೆ ನಾಚಿಕೆಯಾಯಿತು. ರಜೆಯ ದಿನ ವ್ಯಾಪಾರ ಹೆಚ್ಚಿಸುವ ದಾರಿ ಯಾವುದೆಂದು ತಿಂಗಳಿಡೀ ತಲೆ ಕೆಡಿಸಿಕೊಂಡವಳು ನಾನು. ಆ ರಜೆ ಯಾರದ್ದು ಎಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಶಾಂತಕ್ಕ ಹೋಗಿ ಹಿಂದಿನ ಗೋಡೆ, ಮುಂದಿನ ಪಡಸಾಲೆ ಎರಡನ್ನೂ ನೋಡಿ ಬಂದಳು. ಕೊನೆಗೆ, “ಒಲಿ ಮುಂದ ತರೂನು. ಸೂಟಿ ಸೋಮಾರ ತಗೋ. ಬುತ್ತಿ ನಾ ಕಟ್ಟತೇನಿ,” ಅಂದಳು.

ಆ ಸೋಮವಾರ ಕಸ್ತೂರೆವ್ವನನ್ನು ನಮ್ಮೂರಿಗೆ ಕರೆದುಕೊಂಡು ಹೋದೆ. ಮುಧೋಳದಲ್ಲಿ ಬಸ್ಸು ಬದಲಿಸಿ ಗಲಗಲಿ ಸೇರುವಾಗ ಮಧ್ಯಾಹ್ನವಾಗಿತ್ತು. ಅವಳು ಕೃಷ್ಣೆಯ ನೀರಿನಲ್ಲಿ ಮೊಣಕಾಲ ತನಕ ಇಳಿದು, ಸೀರೆ ಎತ್ತಿ ಹಿಡಿದು, ಎಷ್ಟೋ ಹೊತ್ತು ಸುಮ್ಮನೆ ನಿಂತಳು. ಎರಡೂ ಅಂಗೈಗಳನ್ನು ನೀರಿನಲ್ಲಿ ಇಳಿಬಿಟ್ಟಿದ್ದಳು. ಬಂದು ನೆರಳಿನಲ್ಲಿ ಕೂತಾಗ ನಾನು ಬುತ್ತಿ ಬಿಚ್ಚಿದೆ. ಶಾಂತಕ್ಕ ರೊಟ್ಟಿ ಬಡಿದು ಎಷ್ಟು ವರ್ಷವಾಗಿತ್ತೋ, ಒಂದು ಉದ್ದ, ಒಂದು ಮೊಂಡು, ಒಂದರ ಹೊಟ್ಟೆಯಲ್ಲಿ ತೂತು.

ಕಸ್ತೂರೆವ್ವ ಒಂದನ್ನು ಎತ್ತಿ, ತಿರುಗಿಸಿ, ಅಂಚು ಹಿಚುಕಿ ನೋಡಿದಳು. “ದಪ್ಪ ಆಗ್ಯಾವ,” ಅಂದಳು. ಹಿಂಡಿ ಹಚ್ಚಿಕೊಂಡು ಒಂದು ಪೂರ್ತಿ ತಿಂದಳು. ಕೇಳದೆಯೇ ಎರಡನೆಯದಕ್ಕೆ ಕೈ ಚಾಚಿದಳು, ಮುರಿಯದೆ ಹಾಗೇ ಕೈಯಲ್ಲಿ ಹಿಡಿದು ಕೂತಳು.

“ಅಕ್ಕೋರ,” ಅಂದಳು, “ಮತ್ತೊಬ್ಬರು ಬಡದ ರೊಟ್ಟಿ ಇಷ್ಟ ರುಚಿ ಇರ್ತಾವ ಅನ್ನೂದು ನನಗ ಗೊತ್ತ ಇದ್ದಿಲ್ಲ.”